ಚುಕ್ಕಾಣಿಯಿಂದ ಸೈಬರ್‌ಗೆ

ಪಹಣಿ ತೆಗೆಸಬೇಕೆ, ಪರೀಕ್ಷೆಯ ಅರ್ಜಿ ತುಂಬಬೇಕೆ, 'ಸೈಬರ್‌ಗೆ ಹೋಗಿ ಬಾ' ಎನ್ನುತ್ತೇವೆ. ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡರೆ ಸೈಬರ್ ಠಾಣೆ. ಸೈಬರ್ ಎಂದರೆ ಕಂಪ್ಯೂಟರ್ ಎಂದೇ ನಮ್ಮ ಲೆಕ್ಕ. ಆದರೆ ಈ ಪದದ ತವರು ಕಡಲು.

ಹಡಗಿನ ಚುಕ್ಕಾಣಿ ಹಿಡಿಯುವವನನ್ನು ಪ್ರಾಚೀನ ಗ್ರೀಕರು ಕುಬೆರ್ನೇಟೆಸ್ ಎನ್ನುತ್ತಿದ್ದರು. ಅದು ಲ್ಯಾಟಿನ್‌ನಲ್ಲಿ ಗುಬರ್ನಾಟೋರ್ ಆಯಿತು, ಇಂಗ್ಲಿಷಿಗೆ ಬರುವಷ್ಟರಲ್ಲಿ ಗವರ್ನರ್ ಆಯಿತು. ರಾಜಭವನದ ಗವರ್ನರೂ ಬೀದಿ ಮೂಲೆಯ ಸೈಬರ್ ಸೆಂಟರೂ ಒಂದೇ ಬಳ್ಳಿಯ ಕಾಯಿಗಳು! ಆಳುವವರನ್ನು ಅಂಬಿಗರಾಗಿ ಕಾಣುವುದು ನಮಗೂ ಹೊಸತಲ್ಲ. ಅಧಿಕಾರದ ಚುಕ್ಕಾಣಿ, ನಾಡಿನ ಕರ್ಣಧಾರ ಎಂಬ ಮಾತು ಪತ್ರಿಕೆಗಳಲ್ಲಿ ದಿನವೂ ಸಿಗುತ್ತದೆ.

ಯಂತ್ರಗಳಿಗೂ ಒಬ್ಬ ಗವರ್ನರ್ ಇದ್ದಾನೆ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಗಿರಗಿರ ತಿರುಗುವ ಎರಡು ಗುಂಡುಗಳನ್ನು ಜೋಡಿಸಿದ. ಯಂತ್ರದ ವೇಗ ಹೆಚ್ಚಿದರೆ ಗುಂಡುಗಳು ಅಗಲವಾಗಿ ಮೇಲೇಳುತ್ತವೆ, ಉಗಿಯ ದಾರಿ ಕಿರಿದಾಗುತ್ತದೆ. ವೇಗ ತಗ್ಗಿದರೆ ಗುಂಡುಗಳು ಇಳಿಯುತ್ತವೆ, ದಾರಿ ತೆರೆಯುತ್ತದೆ. ಯಾರೂ ಕಾವಲು ಕೂರಬೇಕಿಲ್ಲ. ನಮ್ಮ ಬಸ್ಸು, ಲಾರಿಗಳ ಸ್ಪೀಡ್ ಗವರ್ನರ್ ಹೆಸರು ಇದೇ ಮನೆತನದ್ದು. ಇಂಥ ಗವರ್ನರ್‌ಗಳ ಗಣಿತವನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1868ರಲ್ಲಿ ಬಿಡಿಸಿಟ್ಟ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್‌ಗೆ ಎದುರಾದದ್ದು ವಿಮಾನಕ್ಕೆ ಗುರಿ ಇಡುವ ಸಮಸ್ಯೆ. ಗುರಿ ಎಷ್ಟು ತಪ್ಪಿತು ಎಂಬುದನ್ನೇ ಅಳೆದು ಮುಂದಿನ ಹೆಜ್ಜೆ ತಿದ್ದಬೇಕು. ಅಂಬಿಗ ಮಾಡುವುದೂ ಇದನ್ನೇ: ಮೂತಿ ಎಡಕ್ಕೆ ಸರಿದರೆ ಬಲಕ್ಕೆ ಎಳೆಯುತ್ತಾನೆ, ಹೆಚ್ಚು ಹೊರಳಿದರೆ ಮರಳಿ ತರುತ್ತಾನೆ. ಸೆಖೆಯಾದಾಗ ಮೈ ಬೆವರುವುದರಲ್ಲೂ ಇದೇ ಉಪಾಯ. ಇದರ ಹೆಸರು ಹಿಮ್ಮಾಹಿತಿ, ಅರ್ಥಾತ್ ಫೀಡ್‌ಬ್ಯಾಕ್. ಜೀವಿ, ಯಂತ್ರಗಳೆರಡಕ್ಕೂ ಒಪ್ಪುವ ಈ ವಿದ್ಯೆಗೆ ಹಳೆಯ ಅಂಬಿಗನನ್ನು ನೆನೆದು ವೀನರ್ 1948ರಲ್ಲಿ 'ಸೈಬರ್ನೆಟಿಕ್ಸ್' ಎಂದು ಹೆಸರಿಟ್ಟರು.

ಮುಂದೆ ಪದದ ಬಾಲ ಉದುರಿತು. 1982ರಲ್ಲಿ ಕತೆಗಾರ ವಿಲಿಯಂ ಗಿಬ್ಸನ್ 'ಸೈಬರ್' ಎಂಬ ತಲೆಯನ್ನಷ್ಟೇ ಕತ್ತರಿಸಿ 'ಸ್ಪೇಸ್'ಗೆ ಅಂಟಿಸಿದ. ಸೈಬರ್‌ಸ್ಪೇಸ್ ಜನಪ್ರಿಯವಾಯಿತು, ಚುಕ್ಕಾಣಿ ಮರೆತುಹೋಯಿತು.

ಮೂಲಾರ್ಥ ಹಿಡಿದು ನೋಡಿದರೆ, ಅರ್ಜಿ ಮುದ್ರಿಸಿಕೊಡುವ ಅಂಗಡಿಗಿಂತ, ಸಾಕಷ್ಟು ತಣ್ಣಗಾದೊಡನೆ ತಾನೇ ಸುಮ್ಮನಾಗಿ, ಕಾವೇರಿದೊಡನೆ ಮತ್ತೆ ಗುಂಯ್‌ಗುಡುವ ಅಡುಗೆಮನೆಯ ಫ್ರಿಜ್ಜೇ ಹೆಚ್ಚು ಸೈಬರ್.