ಕ್ಲಿನಿಕಲ್ ಕೌಶಲಗಳ ಮೌಲ್ಯಮಾಪನದಲ್ಲಿ ರೂಬ್ರಿಕ್

ರೂಬ್ರಿಕ್ ಎಂದರೆ ವಿದ್ಯಾರ್ಥಿಯ ಕಾರ್ಯವನ್ನು ಅಳೆಯಲು ಪರೀಕ್ಷೆಗೆ ಮೊದಲೇ ಸಿದ್ಧಪಡಿಸಿದ, ಅಂಕ ನೀಡಿಕೆಯ ಮಾನದಂಡಗಳ ಪಟ್ಟಿ. ವೈದ್ಯಕೀಯ, ದಂತವೈದ್ಯಕೀಯ ಹಾಗೂ ಶುಶ್ರೂಷಾ ಶಿಕ್ಷಣದಲ್ಲಿ ರೋಗಿಯ ತಪಾಸಣೆ, ಚುಚ್ಚುಮದ್ದು ನೀಡಿಕೆ, ರೋಗಿಯೊಡನೆ ಸಂವಾದ ಮೊದಲಾದ ಕೌಶಲಗಳನ್ನು ಪರೀಕ್ಷಿಸಲು ಇದನ್ನು ಬಳಸುತ್ತಾರೆ.

ಹಿನ್ನೆಲೆ

ಹಿಂದಿನ ಪದ್ಧತಿಯಲ್ಲಿ ವಿದ್ಯಾರ್ಥಿಯು ಒಬ್ಬ ರೋಗಿಯನ್ನು ತಪಾಸಿಸಿ, ಬಳಿಕ ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದನು. ಒಬ್ಬನಿಗೆ ಸುಲಭವಾದ ರೋಗ, ಇನ್ನೊಬ್ಬನಿಗೆ ಜಟಿಲವಾದ ರೋಗ ದೊರೆಯುತ್ತಿತ್ತು. ಪರೀಕ್ಷಕರ ಧೋರಣೆಯೂ ಒಂದೇ ತೆರನಾಗಿರುತ್ತಿರಲಿಲ್ಲ. ಆದುದರಿಂದ ಫಲಿತಾಂಶದಲ್ಲಿ ಅದೃಷ್ಟದ ಪಾಲು ಹೆಚ್ಚಾಗಿತ್ತು.

ಈ ಕೊರತೆಯನ್ನು ನೀಗಿಸಲು ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡೆನ್ ಮತ್ತು ಸಂಗಡಿಗರು 'ಆಸ್ಕಿ' ಎಂಬ ಪರೀಕ್ಷೆಯನ್ನು ರೂಪಿಸಿ, 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿವರಿಸಿದರು. ಇದರಲ್ಲಿ ವಿದ್ಯಾರ್ಥಿಗಳು ನಿಗದಿತ ಅವಧಿಗೊಮ್ಮೆ ಒಂದು ಕೇಂದ್ರದಿಂದ ಮತ್ತೊಂದಕ್ಕೆ ಸಾಗುತ್ತಾರೆ. ಪ್ರತಿ ಕೇಂದ್ರದಲ್ಲಿಯೂ ಎಲ್ಲರಿಗೂ ಒಂದೇ ಕಾರ್ಯ, ಒಂದೇ ಅಂಕಪಟ್ಟಿ. 1990ರಲ್ಲಿ ಜಾರ್ಜ್ ಮಿಲ್ಲರ್ ಅವರು ಕಲಿಕೆಯನ್ನು 'ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ವೃತ್ತಿಯಲ್ಲಿ ಮಾಡುವುದು' ಎಂಬ ನಾಲ್ಕು ಹಂತಗಳ ಪಿರಮಿಡ್ ಆಗಿ ಚಿತ್ರಿಸಿದರು. ಆಸ್ಕಿಯು ಮೂರನೆಯ ಹಂತವನ್ನು ಅಳೆಯುತ್ತದೆ.

ಬಗೆಗಳು

ಪರಿಶೀಲನಾ ಪಟ್ಟಿಯಲ್ಲಿ ಪ್ರತಿ ಹೆಜ್ಜೆಗೆ 'ಮಾಡಿದ' ಅಥವಾ 'ಮಾಡಲಿಲ್ಲ' ಎಂದು ಗುರುತು ಹಾಕಲಾಗುತ್ತದೆ. ರಕ್ತದೊತ್ತಡ ಅಳೆಯುವ ಕೌಶಲಕ್ಕೆ ಈ ಅಂಶಗಳಿರಬಹುದು:

- ರೋಗಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯುವುದು
- ರೋಗಿಯು ಸುಮಾರು 5 ನಿಮಿಷ ವಿಶ್ರಾಂತಿ ಪಡೆದಿರುವುದನ್ನು ಖಚಿತಪಡಿಸಿಕೊಳ್ಳುವುದು
- ತೋಳಿನ ಗಾತ್ರಕ್ಕೆ ಹೊಂದುವ ಪಟ್ಟಿಯನ್ನು ಆರಿಸುವುದು
- ತೋಳಿಗೆ ಹೃದಯದ ಮಟ್ಟದಲ್ಲಿ ಆಧಾರ ಕೊಡುವುದು
- ಗಾಳಿಯನ್ನು ನಿಧಾನವಾಗಿ ಬಿಟ್ಟು, ಕಂಡ ಅಂಕಿಗಳನ್ನು ದಾಖಲಿಸುವುದು

ಇಲ್ಲಿ ಹೆಜ್ಜೆ ತಪ್ಪಿದರೆ ಅಂಕವಷ್ಟೇ ಹೋಗುವುದಿಲ್ಲ. ತೋಳಿಗೆ ಕಿರಿದಾದ ಪಟ್ಟಿಯನ್ನು ಕಟ್ಟಿದರೆ ರಕ್ತದೊತ್ತಡವು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಆರೋಗ್ಯವಂತನೂ ಅನಗತ್ಯವಾಗಿ ಔಷಧ ಸೇವಿಸಬೇಕಾದೀತು.

ಸಮಗ್ರ ಶ್ರೇಣಿಯಲ್ಲಿ ಪರೀಕ್ಷಕರು ಒಟ್ಟು ನಿರ್ವಹಣೆಯನ್ನು 'ಅತೃಪ್ತಿಕರ'ದಿಂದ 'ಉತ್ತಮ'ದವರೆಗಿನ ದರ್ಜೆಗಳಲ್ಲಿ ಗುರುತಿಸುತ್ತಾರೆ. ಪ್ರತಿ ದರ್ಜೆಯ ಲಕ್ಷಣವನ್ನು ಬರೆದಿಟ್ಟಾಗ ಮಾತ್ರ ಇದು ನಂಬಲರ್ಹವಾಗುತ್ತದೆ.

ಪ್ರಯೋಜನ ಮತ್ತು ಮಿತಿ

ಮಾನದಂಡವು ಮೊದಲೇ ತಿಳಿದಿದ್ದರೆ ವಿದ್ಯಾರ್ಥಿಗೆ ಅಭ್ಯಾಸದ ದಾರಿ ಸ್ಪಷ್ಟವಾಗುತ್ತದೆ. ಅಂಕ ಎಲ್ಲಿ ಕಳೆಯಿತೆಂಬುದನ್ನೂ ತಿಳಿಸಬಹುದು. ಆದರೆ ಪಟ್ಟಿಯು ಅತಿ ಸೂಕ್ಷ್ಮವಾದರೆ ವಿದ್ಯಾರ್ಥಿಯು ಹೆಜ್ಜೆಗಳನ್ನು ಕಂಠಪಾಠ ಮಾಡಿ ಒಪ್ಪಿಸುವ ಅಪಾಯವಿದೆ. 1999ರಲ್ಲಿ ಬ್ರಯನ್ ಹಾಡ್ಜಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಅನುಭವಿ ವೈದ್ಯರು ಪರಿಶೀಲನಾ ಪಟ್ಟಿಯಲ್ಲಿ ಕಲಿಯುವವರಿಗಿಂತ ಕಡಿಮೆ ಅಂಕ ಪಡೆದರು. ಸಮಗ್ರ ಶ್ರೇಣಿಯಲ್ಲಿ ಅವರೇ ಮುಂದಿದ್ದರು. ನುರಿತವರು ಕೆಲವೇ ಪ್ರಶ್ನೆಗಳಿಂದ ರೋಗದ ಮೂಲವನ್ನು ತಲುಪಬಲ್ಲರೆಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಹೀಗಾಗಿ ಅನೇಕ ಪರೀಕ್ಷೆಗಳಲ್ಲಿ ಎರಡೂ ಬಗೆಗಳನ್ನು ಒಟ್ಟಿಗೆ ಬಳಸಲಾಗುತ್ತದೆ. ಪರೀಕ್ಷಕರಿಗೆ ತರಬೇತಿ ನೀಡುವುದೂ ಅಗತ್ಯ. ಒಂದೇ ಪಟ್ಟಿಯನ್ನು ಇಬ್ಬರು ಬೇರೆ ಬೇರೆಯಾಗಿ ಓದಿದರೆ ಅದರ ಉದ್ದೇಶವೇ ಸೋಲುತ್ತದೆ.

ಭಾರತದಲ್ಲಿ

2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಎಂ.ಬಿ.ಬಿ.ಎಸ್. ಪಠ್ಯಕ್ರಮವು ಕೌಶಲಗಳ ಅಭ್ಯಾಸಕ್ಕೂ ಲಾಗ್‌ಬುಕ್‌ನಲ್ಲಿ ಅವುಗಳ ದಾಖಲೆಗೂ ಮಹತ್ವ ನೀಡಿತು. ಸಂವಹನ ಮತ್ತು ವೃತ್ತಿನೀತಿಯ ಕಲಿಕೆಯೂ ಅದರ ಭಾಗವಾಗಿದೆ.