ತೊಗರಿಯ ಧಾರಣೆಯೂ ಬರ್ಮಾ ದೇಶವೂ

ಪುಷ್ಯಮಾಸವು ಬಂದಿತೆಂದರೆ ಕಲಬುರಗಿಯ ಗಂಜಿನಲ್ಲಿ ಹೊಸ ತೊಗರಿಯ ರಾಶಿಗಳು ಏಳುವುವು. ಕಮಲಾಪುರ, ಚಿಂಚೋಳಿ, ಆಳಂದ, ಸೇಡಂ ಸೀಮೆಗಳಿಂದ ಚೀಲಗಳು ಬಂದು ಅಡತಿ ಅಂಗಡಿಗಳ ಮುಂದೆ ಇಳಿಯುವುವು. ವ್ಯಾಪಾರಿಯು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿ ಧಾರಣೆಯನ್ನು ಹೇಳುವನು. "ಸಾವುಕಾರ್ರೆ, ನಿನ್ನಿಗಿಂತ ಇವತ್ತು ಯಾಕ ಇಳೀತ್ರಿ?" ಎಂದು ರೈತನು ಕೇಳಿದರೆ, ಮಳೆಬೆಳೆಗಳ ಮಾತು, ಗಿರಣಿಗಳ ಮಾತು ಎಲ್ಲವೂ ಆದಮೇಲೆ ಇನ್ನೊಂದು ಉತ್ತರವೂ ಬರುವುದುಂಟು: "ಬರ್ಮಾ ಮಾಲ್ ಬಂದದಪಾ."

ಕಮಲಾಪುರದ ಎರೆಹೊಲದಲ್ಲಿ ಆರು ತಿಂಗಳು ದುಡಿದವನ ಕೂಲಿಯನ್ನು ಸಮುದ್ರದಾಚೆಯ ಒಂದು ದೇಶವು ನಿರ್ಣಯಿಸುವುದು ಹೇಗೆ? ಆ ದೇಶದ ಸಂಪತ್ತು ಎಂಥದು, ಅದರ ಹಾದಿ ಸೇತುವೆಗಳು ಎಂಥವು, ಅದರ ರಕ್ಷಣೆಯ ವ್ಯವಸ್ಥೆ ಹೇಗಿದೆ ಎಂಬುದನ್ನು ತಿಳಿಯದೆ ಈ ಪ್ರಶ್ನೆಗೆ ಉತ್ತರ ದೊರೆಯಲಾರದು. ಆದಕಾರಣ ಇಂದಿನ ಭಾಷಣದಲ್ಲಿ ಈ ಮೂರನ್ನೂ ಶ್ರೋತೃಗಳ ಮುಂದೆ ಇಡಬೇಕೆಂದಿರುವೆನು.

ಬರ್ಮಾ ದೇಶವು 1989ರಿಂದ ಮ್ಯಾನ್ಮಾರ್ ಎಂಬ ಹೆಸರಿನಿಂದ ಕರೆಯಲ್ಪಡುತ್ತಿದೆ. ನಮ್ಮ ಪೇಟೆಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಮೂರೂವರೆಯಷ್ಟು. ಜನಸಂಖ್ಯೆಯಲ್ಲಿಯಾದರೋ ಕರ್ನಾಟಕಕ್ಕಿಂತ ಕಡಿಮೆ. ಉತ್ತರದಿಂದ ದಕ್ಷಿಣಕ್ಕೆ ಐರಾವತಿ ನದಿಯು ದೇಶದ ನಡುವೆ ಹರಿಯುವುದು. ತೇಗ, ಮಾಣಿಕ್ಯ, ಪಚ್ಚೆ, ಎಣ್ಣೆ, ಅನಿಲ ಇವೆಲ್ಲವೂ ಆ ನೆಲದಲ್ಲಿ ಉಂಟು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ಅಕ್ಕಿಯನ್ನು ಹೊರಕ್ಕೆ ಕಳುಹಿಸುತ್ತಿದ್ದ ದೇಶವು ಇದೇ. 1937ರ ವರೆಗೆ ಬರ್ಮಾವು ಇಂಡಿಯಾದ ಒಂದು ಪ್ರಾಂತವಾಗಿದ್ದಿತು. 1942ರಲ್ಲಿ ಅದು ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿಯು ನಿಂತುಹೋದುದು, 1943ರ ವಂಗದೇಶದ ಘೋರ ಕ್ಷಾಮಕ್ಕೆ ಕಾರಣಗಳಲ್ಲಿ ಒಂದಾಯಿತು. ನೆರೆಯವನ ಕಣಜಕ್ಕೆ ಬೆಂಕಿ ಬಿದ್ದರೆ ನಮ್ಮ ಒಲೆಯೂ ಆರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಇಂಥ ಭತ್ತದ ದೇಶದಲ್ಲಿ ತೊಗರಿಯು ಎಲ್ಲಿಂದ ಬಂದಿತು? ಮಾನ್ಸೂನ್ ಮಾರುತವು ಅರಾಕಾನಿನ ಬೆಟ್ಟಗಳಿಗೆ ತಾಗಿ ಪಶ್ಚಿಮದ ಕರಾವಳಿಯಲ್ಲಿ ಮಳೆಯನ್ನು ಸುರಿಸಿಬಿಡುವುದು. ಬೆಟ್ಟದ ಆಚೆಯ ಮಂಡಲೆ, ಮಾಗ್ವೆ, ಸಗಾಯಿಂಗ್ ಸೀಮೆಗಳಿಗೆ ಉಳಿದ ಹನಿಗಳಷ್ಟೇ ಗತಿ. ನಮ್ಮ ಕಲಬುರಗಿಯ ಸ್ಥಿತಿಯೂ ಇದೇ ಅಲ್ಲವೆ? ಸಹ್ಯಾದ್ರಿಯಲ್ಲಿ ಸುರಿದು ಮಿಕ್ಕ ಮೋಡಗಳು ನಮ್ಮ ಪಾಲಿಗೆ. ಕಡಿಮೆ ನೀರಿನಲ್ಲಿ ಆಳಕ್ಕೆ ಬೇರಿಳಿಸಿ ಬದುಕುವ ತೊಗರಿಯು ಎರಡು ಕಡೆಯೂ ಬಡ ರೈತನ ಆಸರೆಯಾಯಿತು. 1988ರ ತರುವಾಯ ಅಲ್ಲಿಯ ಸರಕಾರವು ಬೇಳೆಕಾಳುಗಳ ವ್ಯಾಪಾರವನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟ ಮೇಲೆ, ಉದ್ದು, ಹೆಸರು, ತೊಗರಿಗಳ ಬೇಸಾಯವು ಬಹಳವಾಗಿ ಬೆಳೆಯಿತು. ಬರ್ಮಾದ ಜನರು ತೊಗರಿಯನ್ನು ತಿನ್ನುವುದು ಅತಿ ಸ್ವಲ್ಪ. ಅವರು ಬೆಳೆಯುವುದು ಬಹುಮಟ್ಟಿಗೆ ನಮಗಾಗಿಯೇ. ನಮ್ಮಲ್ಲಿ ಬೇಡಿಕೆ ಇಲ್ಲವಾದರೆ ಅವರ ತೊಗರಿಗೆ ಬೇರೆ ದೊಡ್ಡ ಪೇಟೆಯೇ ಇಲ್ಲ.

ಇನ್ನು ಕಾಲವನ್ನು ಗಮನಿಸಬೇಕು. ನಮ್ಮಲ್ಲಿ ಮುಂಗಾರಿಗೆ ಬಿತ್ತಿದ ತೊಗರಿಯು ಡಿಸೆಂಬರು ಜನವರಿಗಳಲ್ಲಿ ರಾಶಿಯಾಗುವುದು. ಅಲ್ಲಿಯದು ಜನವರಿ ಫೆಬ್ರವರಿಗಳಲ್ಲಿ. ಎಂದರೆ ಕಮಲಾಪುರದ ರೈತನು ಸಾಲ ತೀರಿಸಲು ಮಾಲನ್ನು ಗಂಜಿಗೆ ತರುವ ದಿನಗಳಲ್ಲಿಯೇ ರಂಗೂನಿನ ರೇವಿನಿಂದ ಹಡಗುಗಳು ಚೆನ್ನೈ ಮುಂಬಯಿಗಳ ಕಡೆಗೆ ಹೊರಡುವುವು. ಆ ಮಾಲಿಗೆ ಪೇಟೆಯಲ್ಲಿ 'ಲೆಮನ್' ತೊಗರಿಯೆಂದು ಹೆಸರು. ಗಿರಣಿಯವನಿಗೆ ಬೇಕಾದುದು ಅಗ್ಗವಾಗಿ ಒಡೆಯುವ ಕಾಳು. ಅದು ಎರೆನೆಲದ್ದೋ ಐರಾವತಿಯ ದಡದ್ದೋ ಎಂದು ಆತನು ಬಹಳ ವಿಚಾರಿಸುವುದಿಲ್ಲ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯು ದೊರೆತಿದೆ. ಅದರ ರುಚಿಯನ್ನು ಬಲ್ಲವರು ಬಲ್ಲರು. ಆದರೆ ಬೇಳೆಯಾಗಿ ಚೀಲದಲ್ಲಿ ಬೆರೆತ ಮೇಲೆ ಆ ಮನ್ನಣೆಯು ಧಾರಣೆಯನ್ನು ಹಿಡಿದು ನಿಲ್ಲಿಸುವುದು ಕಷ್ಟ.

ದೇಶದಲ್ಲಿ 2023-24ರಲ್ಲಿ ಸುಮಾರು 34 ಲಕ್ಷ ಟನ್ನು ತೊಗರಿಯ ಹುಟ್ಟುವಳಿಯಾಯಿತು. ಬೇಡಿಕೆಯು ಅದಕ್ಕಿಂತ ಹಲವು ಲಕ್ಷ ಟನ್ನು ಹೆಚ್ಚು. ಕೊರತೆಯನ್ನು ಬರ್ಮಾದಿಂದಲೂ, ಆಫ್ರಿಕದ ಮೊಜಾಂಬಿಕ್, ಟಾಂಜಾನಿಯಾ ಮೊದಲಾದ ದೇಶಗಳಿಂದಲೂ ತುಂಬಬೇಕಾಗುವುದು. 2021ರಲ್ಲಿ ಇಂಡಿಯಾ ಮತ್ತು ಬರ್ಮಾ ಸರಕಾರಗಳು, 2021-22ರಿಂದ 2025-26ರ ವರೆಗೆ ವರ್ಷಕ್ಕೆ 1 ಲಕ್ಷ ಟನ್ನು ತೊಗರಿಯನ್ನೂ 2.5 ಲಕ್ಷ ಟನ್ನು ಉದ್ದನ್ನೂ ಕೊಳ್ಳುವ ಒಪ್ಪಂದವನ್ನು ಮಾಡಿಕೊಂಡವು.

ಬೆಳೆದ ಕಾಳು ರೇವಿಗೆ ಬರಬೇಕಾದರೆ ಹಾದಿ ಬೇಕು. ಹಾದಿಯ ವಿಷಯದಲ್ಲಿ ಬರ್ಮಾದ ಕಥೆಯು ಮನಸ್ಸಿಗೆ ನಾಟುವಂಥದು. ರಂಗೂನಿನಿಂದ ಪ್ರೋಮಿಗೆ ರೈಲು ಹಾದಿಯು 1877ರಲ್ಲಿಯೂ, ಮಂಡಲೆಗೆ 1889ರಲ್ಲಿಯೂ ತೆರೆಯಲ್ಪಟ್ಟಿತು. ಅದಕ್ಕಿಂತ ದೊಡ್ಡ ಹಾದಿಯೆಂದರೆ ಐರಾವತಿಯೇ. ಅದರ ಮೇಲೆ ನೂರಾರು ಹೊಗೆಹಡಗುಗಳು ಓಡಾಡುತ್ತಿದ್ದುವು. 1942ರಲ್ಲಿ ಜಪಾನೀಯರು ಮೇಲೇರಿ ಬಂದಾಗ, ಶತ್ರುವಿಗೆ ಸಿಕ್ಕಬಾರದೆಂದು ಆ ಹಡಗುಗಳನ್ನು ಅವುಗಳ ಒಡೆಯರೇ ಮುಳುಗಿಸಿದರು. ಮಂಡಲೆಯ ಬಳಿ, ಆವಾ ಮತ್ತು ಸಗಾಯಿಂಗುಗಳ ನಡುವೆ 1934ರಲ್ಲಿ ಕಟ್ಟಿದ ಮಹಾಸೇತುವೆಯೊಂದಿದ್ದಿತು. ಹಿಮ್ಮೆಟ್ಟುತ್ತಿದ್ದ ಬ್ರಿಟಿಷ್ ಸೈನ್ಯವು ಅದನ್ನೂ ಸಿಡಿಸಿ ಮುರಿಯಿತು. ಸ್ವತಂತ್ರ ಬರ್ಮಾವು 1954ರಲ್ಲಿ ಅದನ್ನು ಮತ್ತೆ ನಿಲ್ಲಿಸಿತು. ಬಹುಕಾಲದ ವರೆಗೆ ಐರಾವತಿಗೆ ಇದ್ದದ್ದು ಇದೊಂದೇ ಸೇತುವೆ. 2025ರ ಮಾರ್ಚ್ 28ರ ಭೂಕಂಪದಲ್ಲಿ ಅದೇ ಸೇತುವೆಯು ಕುಸಿದು ನದಿಗೆ ಬಿದ್ದಿತು. ಯುದ್ಧವು ಕೆಡಹಿದುದನ್ನು ಹನ್ನೆರಡು ವರ್ಷದಲ್ಲಿ ಎತ್ತಿದ ದೇಶಕ್ಕೆ, ಈ ಸಲ ಭೂಮಿ ಕೆಡಹಿದುದನ್ನು ಎತ್ತುವ ಹೊತ್ತಿನಲ್ಲಿ ಯುದ್ಧವೇ ಅಡ್ಡ ನಿಂತಿತ್ತು.

ಹಾದಿಯ ಬೆಲೆಯನ್ನು ಕಲಬುರಗಿಯವರಿಗೆ ವಿವರಿಸಬೇಕಾಗಿಲ್ಲ. ಸೊಲ್ಲಾಪುರದ ಕಡೆಯಿಂದ ರಾಯಚೂರಿಗೆ ಹೋಗುವ ರೈಲು 1871ರಲ್ಲಿ ನಮ್ಮ ಊರನ್ನು ಮುಂಬಯಿಗೂ ಮದರಾಸಿಗೂ ಸೇರಿಸಿದ ಮೇಲೆ ಇಲ್ಲಿಯ ಹತ್ತಿ, ಎಣ್ಣೆಕಾಳು, ತೊಗರಿಗಳಿಗೆ ದೂರದ ಪೇಟೆಗಳು ತೆರೆದುವು. ಕಮಲಾಪುರವು ಮಾತ್ರ ಒಂದೂವರೆ ಶತಮಾನದಷ್ಟು ಕಾಲ ರಸ್ತೆಯನ್ನೇ ನಂಬಿ ಕುಳಿತಿತ್ತು. ಬೀದರ–ಕಲಬುರಗಿ ರೈಲುಹಾದಿಯು 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಗಿ ಆ ಕೊರತೆಯು ನೀಗಿತು. ಕಮಲಾಪುರದ ಕೆಂಪು ಬಾಳೆಯಂಥ ಹಣ್ಣಿಗೆ ಹಾದಿಯೇ ಪ್ರಾಣ. ತಡವಾದರೆ ಅದು ಕೊಳೆತು ಹೋಗುವುದು. ತೊಗರಿಯು ಕೊಳೆಯುವುದಿಲ್ಲ, ಕಾಯಬಲ್ಲದು. ಆದರೆ ಅದನ್ನು ಬೆಳೆದವನು ಕಾಯಲಾರನು. ಸಾಲಗಾರನು ಬಾಗಿಲಲ್ಲಿ ನಿಂತಿರುವನು. ಹಾದಿ, ಗೋದಾಮು, ಕೈಯಲ್ಲಿ ಒಂದಿಷ್ಟು ಹಣ ಇವು ಮೂರೂ ಇದ್ದಲ್ಲಿ ಮಾತ್ರ ರೈತನು ಧಾರಣೆಗೆ ತಾನೂ ಒಂದು ಮಾತು ಸೇರಿಸಬಲ್ಲನು.

ಈಗ ರಕ್ಷಣೆಯ ವಿಷಯ. ಕಲಬುರಗಿಯ ಕೋಟೆಯನ್ನು ನಾವೆಲ್ಲರೂ ನೋಡಿದ್ದೇವೆ. 1347ರಲ್ಲಿ ಬಹಮನಿ ರಾಜ್ಯವು ಇಲ್ಲಿ ನೆಲೆಯೂರಿತು. ಸುತ್ತಲೂ ಕಂದಕ, ಎರಡು ಸುತ್ತಿನ ಗೋಡೆ, ಬುರುಜಿನ ಮೇಲೆ ದೊಡ್ಡ ತೋಪು. ಕೋಟೆಯ ಅರ್ಥವು ಸ್ಪಷ್ಟ: ತೋಪಿನ ಬಾಯಿ ಹೊರಕ್ಕೆ, ಪೇಟೆ ಮನೆಗಳು ಅದರ ನೆರಳಿಗೆ. ತೋಪು ಒಳಕ್ಕೆ ತಿರುಗಿದರೆ ಏನಾಗುವುದೆಂಬುದನ್ನೂ ಈ ಸೀಮೆಯು ಬಲ್ಲದು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನವು ಭಾರತಕ್ಕೆ ಶರಣಾಗುವ ಮುಂಚೆ ರಜಾಕಾರರ ಕೈಯಲ್ಲಿಯೂ, ತರುವಾಯದ ಗಲಭೆಗಳಲ್ಲಿಯೂ ಹಳ್ಳಿಹಳ್ಳಿಗಳ ಜನರು ಪಟ್ಟ ಸಂಕಟವನ್ನು ಮನೆಯ ಹಿರಿಯರು ಹೇಳಿದ್ದುಂಟು.

ಅದೇ 1948ರ ಜನವರಿ 4ರಂದು ಬರ್ಮಾವು ಸ್ವತಂತ್ರವಾಯಿತು. ಅದಕ್ಕೆ ಕೆಲವೇ ತಿಂಗಳ ಮೊದಲು, 1947ರ ಜುಲೈ 19ರಂದು, ರಾಷ್ಟ್ರನಾಯಕ ಆಂಗ್ ಸಾನರು ಕೊಲೆಯಾಗಿದ್ದರು. ಕರೆನ್, ಶಾನ್, ಕಚಿನ್ ಮುಂತಾದ ಗಡಿನಾಡಿನ ಜನಾಂಗಗಳಿಗೂ ನಡುನಾಡಿನ ಬರ್ಮೀಯರಿಗೂ ಒಪ್ಪಂದವು ಗಟ್ಟಿಯಾಗಲಿಲ್ಲ. ಹೊರಗಿನ ಶತ್ರುವಿಗಾಗಿ ಕಟ್ಟಿದ ಸೈನ್ಯವು ಮೊದಲಿನಿಂದಲೂ ಒಳಗಿನ ಯುದ್ಧದಲ್ಲಿಯೇ ಬೆಳೆಯಿತು. 1962ರಲ್ಲಿ ಸೇನಾಧಿಪತಿ ನೆ ವಿನ್ ಅಧಿಕಾರವನ್ನು ಕೈಗೆತ್ತಿಕೊಂಡನು. ವ್ಯಾಪಾರವು ರಾಷ್ಟ್ರೀಕರಣವಾಯಿತು, ಲಕ್ಷಾಂತರ ಭಾರತೀಯರು ಬರಿಗೈಯಲ್ಲಿ ಹಿಂದಿರುಗಿದರು, ಅಕ್ಕಿಯ ರಫ್ತು ಕುಗ್ಗಿತು. ಮುಂದೆ ಸೈನ್ಯವು ತನ್ನದೇ ಕಂಪನಿಗಳನ್ನು ಕಟ್ಟಿಕೊಂಡು ರತ್ನ, ಬ್ಯಾಂಕು, ಮದ್ಯಗಳ ವ್ಯಾಪಾರವನ್ನೂ ಹಿಡಿಯಿತು. ಕಾವಲುಗಾರನೇ ಅಂಗಡಿಯ ಮಾಲೀಕನಾದರೆ ಲೆಕ್ಕವನ್ನು ಕೇಳುವವರು ಯಾರು?

2021ರ ಫೆಬ್ರವರಿ 1ರಂದು ಸೈನ್ಯವು ಚುನಾಯಿತ ಸರಕಾರವನ್ನು ಮತ್ತೊಮ್ಮೆ ಕೆಡವಿತು. ಈ ಸಲ ಹೊಸದೊಂದು ಸಂಗತಿ ನಡೆಯಿತು. ದಂಗೆಯು ಗಡಿಯ ಬೆಟ್ಟಗಳಲ್ಲಿ ಮಾತ್ರ ನಿಲ್ಲದೆ ನಡುನಾಡಿನ ಒಣಸೀಮೆಗೂ ಹಬ್ಬಿತು. ಸಗಾಯಿಂಗ್, ಮಾಗ್ವೆಗಳ ಹಳ್ಳಿಗಳು ಸುಡಲ್ಪಟ್ಟವು. ತೊಗರಿಯ ಸೀಮೆಯೇ ಯುದ್ಧದ ಸೀಮೆಯಾಯಿತು. 2024ರ ಫೆಬ್ರವರಿಯಲ್ಲಿ ಸರಕಾರವು ಕಡ್ಡಾಯ ಸೈನಿಕ ಸೇವೆಯನ್ನು ಜಾರಿಗೆ ತರಲು, ಯುವಕರು ಹೊಲಗಳನ್ನು ಬಿಟ್ಟು ಗಡಿ ದಾಟತೊಡಗಿದರು. ಹಣದ ವಿಷಯವೂ ಕೆಟ್ಟಿತು. 2022ರಲ್ಲಿ ಸರಕಾರವು ಒಂದು ಡಾಲರಿಗೆ 2100 ಚಾಟ್ ಎಂದು ಗೊತ್ತುಮಾಡಿತು. 2024ರಲ್ಲಿ ಹೊರಗಿನ ಪೇಟೆಯಲ್ಲಿ ಡಾಲರಿಗೆ ಅದರ ಎರಡರಷ್ಟಕ್ಕೂ ಹೆಚ್ಚು ಚಾಟ್ ತೆರಬೇಕಾಯಿತು. ರಫ್ತಿನಿಂದ ಬಂದ ಡಾಲರುಗಳಲ್ಲಿ ಒಂದು ಭಾಗವನ್ನು ಸರಕಾರದ ದರದಲ್ಲಿಯೇ ಒಪ್ಪಿಸಬೇಕಾದ ವ್ಯಾಪಾರಿಯು ಆ ನಷ್ಟವನ್ನು ತನ್ನ ರೈತನ ತಲೆಯ ಮೇಲೆಯೋ, ನಮ್ಮ ಗಿರಣಿಯವನ ಬಿಲ್ಲಿನ ಮೇಲೆಯೋ ಹೇರದೆ ಇರುವನೆ?

ಹಾದಿಯೂ ಉಳಿಯಲಿಲ್ಲ. ಇಂಡಿಯಾವು ಕಲಾದಾನ್ ಯೋಜನೆಯಲ್ಲಿ ಸಿತ್ವೆಯಲ್ಲಿ ಒಂದು ರೇವನ್ನು ಕಟ್ಟಿತು. ಕಲಕತ್ತೆಯ ಸರಕು ಅಲ್ಲಿಂದ ನದಿಯಲ್ಲಿ ಪಲೆತ್ವಾಕ್ಕೆ ಹೋಗಿ, ರಸ್ತೆಯಲ್ಲಿ ಮಿಜೋರಮಿಗೆ ಸೇರಬೇಕೆಂಬುದು ಉದ್ದೇಶ. 2023ರ ಮೇ ತಿಂಗಳಲ್ಲಿ ರೇವು ತೆರೆಯಿತು. 2024ರ ಜನವರಿಯಲ್ಲಿ ಪಲೆತ್ವಾ ಪಟ್ಟಣವು ಅರಾಕಾನ್ ಸೇನೆಯೆಂಬ ದಂಗೆಕೋರರ ವಶವಾಯಿತು. ರೇವೊಬ್ಬರದು, ಹಾದಿ ಇನ್ನೊಬ್ಬರದು ಎಂಬ ಸ್ಥಿತಿಯಲ್ಲಿ ಎಷ್ಟು ಹಣ ಸುರಿದರೇನು! ರಕ್ಷಣೆಯಿಲ್ಲದ ಹಾದಿಯೂ, ಹಾದಿಯಿಲ್ಲದ ಸಂಪತ್ತೂ, ಪ್ರಜೆಯ ನಂಬಿಕೆಯಿಲ್ಲದ ರಕ್ಷಣೆಯೂ ಸಮನಾಗಿ ವ್ಯರ್ಥ.

ಇದನ್ನೆಲ್ಲ ಕೇಳಿ, ಬರ್ಮಾದ ಕಷ್ಟವು ಕಲಬುರಗಿಯ ಲಾಭವೆಂದು ಯಾರಾದರೂ ಎಣಿಸಿದರೆ ಅದು ತಪ್ಪು. 2015ರಲ್ಲಿ ತೊಗರಿಬೇಳೆಯು ಕಿಲೋಗ್ರಾಮಿಗೆ 200 ರೂಪಾಯಿಗಳ ಸಮೀಪಕ್ಕೆ ಏರಿತು. ಆ ಆಸೆಗೆ ಮರುವರ್ಷ ನಮ್ಮವರೂ ಹೊರಗಿನವರೂ ಎಲ್ಲೆಲ್ಲಿಯೂ ತೊಗರಿಯನ್ನೇ ಬಿತ್ತಿದರು. ದೇಶದ ಹುಟ್ಟುವಳಿಯು ಸುಮಾರು 25 ಲಕ್ಷ ಟನ್ನಿನಿಂದ 2016-17ರಲ್ಲಿ 48 ಲಕ್ಷ ಟನ್ನಿಗೆ ನೆಗೆಯಿತು. ಕ್ವಿಂಟಲಿಗೆ 5050 ರೂಪಾಯಿ ಬೆಂಬಲ ಬೆಲೆಯಿದ್ದರೂ ಪೇಟೆಯ ಧಾರಣೆಯು ಅದಕ್ಕಿಂತ ಬಹಳ ಕೆಳಗಿಳಿಯಿತು. 2017ರ ಆಗಸ್ಟಿನಲ್ಲಿ ಸರಕಾರವು ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿಯನ್ನು ಹಾಕಿತು. ನಮಗಾಗಿಯೇ ಬಿತ್ತಿದ್ದ ಬರ್ಮಾದ ರೈತನು ಆಗ ದಿಕ್ಕುಗೆಟ್ಟನು. ಮುಂದೆ 2021ರ ಮೇ ತಿಂಗಳಲ್ಲಿ ಬಾಗಿಲು ಮತ್ತೆ ತೆರೆಯಿತು. 2022ರಲ್ಲಿ ನೆಟೆರೋಗವು ಕಲಬುರಗಿಯ ಹೊಲಗಳನ್ನು ಒಣಗಿಸಿತು, ಬೆಲೆಯು ಏರಿತು. 2024-25ರ ಬೆಂಬಲ ಬೆಲೆ 7550 ರೂಪಾಯಿ. ಆ ಸುಗ್ಗಿಯ ಹೊತ್ತಿಗೆ ಧಾರಣೆಯು ಮತ್ತೆ ಇಳಿಮುಖವಾಯಿತು.

ಹೀಗೆ ನೋಡಿದರೆ ಕಮಲಾಪುರದ ರೈತನೂ ಮಾಗ್ವೆಯ ರೈತನೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕುಳಿತವರು. ಬಾಗಿಲು ತೆರೆದಿರಲಿ, ಮುಚ್ಚಿರಲಿ, ಇಬ್ಬರಿಗೂ ಅದರಿಂದ ಆಗುವುದಕ್ಕಿಂತ ಹೆಚ್ಚಿನ ಹಾನಿಯು ಬಿತ್ತಿದ ಮೇಲೆ ಬಾಗಿಲನ್ನು ತಿರುಗಿಸುವುದರಿಂದ ಆಗುವುದು. ಪಟ್ಟಣದ ಬಡವನಿಗೆ ಬೇಳೆಯು ಅಗ್ಗವಾಗಿ ಸಿಕ್ಕಬೇಕೆಂಬುದು ನ್ಯಾಯವೇ. ಆದರೆ ಆ ಅಗ್ಗದ ಭಾರವನ್ನು ಸುಗ್ಗಿಯ ಎರಡು ತಿಂಗಳಲ್ಲಿ ರೈತನೊಬ್ಬನೇ ಹೊರಬೇಕೆಂಬುದು ನ್ಯಾಯವಲ್ಲ. ಆಮದಿನ ನಿಯಮವನ್ನೂ ಸುಂಕವನ್ನೂ ಮುಂಗಾರಿಗೆ ಮೊದಲೇ ಸಾರುವುದು, ಬೆಂಬಲ ಬೆಲೆಯ ಖರೀದಿಯನ್ನು ಚೀಲಗಳು ಗಂಜಿಗೆ ಬರುವ ಮುನ್ನವೇ ಆರಂಭಿಸುವುದು, ಹೋಬಳಿಗೊಂದು ಗೋದಾಮನ್ನು ಕಟ್ಟಿ ಅಲ್ಲಿಟ್ಟ ಮಾಲಿನ ಮೇಲೆ ಸಾಲ ಕೊಡುವುದು: ಇವು ನಮ್ಮ ಕೈಯಲ್ಲಿರುವ ಕೆಲಸಗಳು. ಐರಾವತಿಯ ದಡದಲ್ಲಿ ಶಾಂತಿ ನೆಲಸುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಹಾರೈಸುವುದಾದರೂ ನಮ್ಮ ಕರ್ತವ್ಯ. ಮುಂದಿನ ಸುಗ್ಗಿಯಲ್ಲಿ "ಬರ್ಮಾ ಮಾಲ್ ಬಂದದ" ಎಂಬ ಮಾತು ಕಿವಿಗೆ ಬಿದ್ದಾಗ, ಆ ಚೀಲವನ್ನು ತುಂಬಿದ ಕೈಯೂ ನಮ್ಮಂತೆಯೇ ಮಳೆಗೆ ಕಾದ ಕೈ ಎಂಬುದನ್ನು ಶ್ರೋತೃಗಳು ನೆನೆಯುವರೆಂದು ನಂಬಿರುವೆನು.