ಮಗು ಯಾರ ಬಳಿ, ಸಹಿ ಯಾರದು?

ಗಂಡ ಹೆಂಡತಿ ಬೇರೆಯಾದಾಗ ಮಗುವಿನ ಬಗ್ಗೆ ಕೋರ್ಟಿನ ಕಾಗದದಲ್ಲಿ ಹೆಚ್ಚಾಗಿ ಕಾಣುವುದು ಒಂದೆರಡು ಸಾಲು. ಮಗು ತಾಯಿಯ ಬಳಿ ಇರತಕ್ಕದ್ದು. ತಂದೆ ತಿಂಗಳಿಗೆ ಎರಡು ಭಾನುವಾರ ಕಂಡುಹೋಗಬಹುದು. ಊಟ, ಬಟ್ಟೆ, ಶಾಲೆಯ ಫೀ ಜೀವನಾಂಶದ ಲೆಕ್ಕಕ್ಕೆ ಸೇರುತ್ತವೆ. ಆಸ್ಪತ್ರೆಯ ಮಾತು ಹೊರಗೇ ಉಳಿಯುತ್ತದೆ. ಮಗುವಿಗೆ ಆಪರೇಷನ್ ಬೇಕೇ ಬೇಡವೇ, ಯಾವ ಡಾಕ್ಟರು, ಯಾರ ಸಹಿ ಎಂಬ ಜಗಳ ಶುರುವಾಗುವುದು ಅಲ್ಲಿಂದಲೇ.

ಹಾವೇರಿ, ಧಾರವಾಡ ಸೀಮೆಯ ಹಲವು ಸಮುದಾಯಗಳಲ್ಲಿ ಕೋರ್ಟಿಗೆ ಹೋಗದೆ ಹಿರಿಯರ ಮುಂದೆ ಸೋಡಚೀಟಿ ಬರೆಸಿಕೊಳ್ಳುವ ರೂಢಿಯೂ ಇದೆ. ರೂಢಿಯಲ್ಲಿರುವ ಇಂಥ ವಿಚ್ಛೇದನಕ್ಕೆ 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಜಾಗ ಬಿಟ್ಟಿದೆ. ಆದರೆ ಹಿರಿಯರ ಗಮನ ಬಂಗಾರ, ಹಣ, ಸಾಮಾನು ಹಿಂತಿರುಗಿಸುವುದರ ಮೇಲೆ ಇರುತ್ತದೆ. ಮಗುವಿನ ಔಷಧಿಯ ಮಾತು ಅಲ್ಲಿ ಬರುವುದು ಅಪರೂಪ.

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಮಾಲತೇಶ ದೇವರ ಭಕ್ತನಾದ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿಯುತ್ತಾನೆ. ಒಂದೇ ಮಾತು. ರೈತರು ಅದರಲ್ಲಿ ಮಳೆ ಬೆಳೆ ಕಾಣುತ್ತಾರೆ, ರಾಜಕೀಯದವರು ಕುರ್ಚಿ ಕಾಣುತ್ತಾರೆ. ಸುಪರ್ದಿಯ ಒಂದು ಸಾಲಿನ ಆದೇಶಕ್ಕೂ ಇದೇ ಗತಿ. ‘ಮಗು ನನ್ನ ಬಳಿ ಇದೆ, ಆದ್ದರಿಂದ ನಿರ್ಧಾರ ನನ್ನದು’ ಎಂದು ತಾಯಿ ಓದುತ್ತಾಳೆ. ‘ಕಾನೂನಿನಲ್ಲಿ ಪೋಷಕ ನಾನೇ’ ಎಂದು ತಂದೆ ಓದುತ್ತಾನೆ.

ಎರಡು ಬೇರೆ ಪ್ರಶ್ನೆಗಳು

ಮಗು ಯಾರ ಜತೆ ವಾಸಿಸಬೇಕು ಎಂಬುದು ಸುಪರ್ದಿಯ ಪ್ರಶ್ನೆ. ಅದರ ಪರವಾಗಿ ದೊಡ್ಡ ನಿರ್ಧಾರ ತೆಗೆದುಕೊಳ್ಳುವವರು ಯಾರು ಎಂಬುದು ಪೋಷಕತ್ವದ ಪ್ರಶ್ನೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ಸಹಜ ಪೋಷಕ ತಂದೆ, ‘ಅವನ ನಂತರ’ ತಾಯಿ. ಐದು ವರ್ಷ ತುಂಬದ ಮಗು ಮಾತ್ರ ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಲೇಖಕಿ ಗೀತಾ ಹರಿಹರನ್ ಇದನ್ನು ಪ್ರಶ್ನಿಸಿದರು. 1999ರಲ್ಲಿ ಸುಪ್ರೀಂ ಕೋರ್ಟ್, ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದೇ ಅಲ್ಲ, ಅವನು ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪೋಷಕಿ ಎಂದಿತು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲೂ ಎಳೆಯ ಮಗುವನ್ನು ಸಾಕುವ ಹಕ್ಕು ತಾಯಿಯದು, ಪೋಷಕತ್ವ ತಂದೆಯದು. ಧರ್ಮ ಯಾವುದಾದರೂ ವ್ಯಾಜ್ಯ ಕೋರ್ಟಿಗೆ ಬಂದರೆ ಅಲ್ಲಿ ಮುಖ್ಯವಾಗುವುದು ಮಗುವಿನ ಹಿತ.

ಇಬ್ಬರೂ ಸೇರಿ ಸಾಕುವ ಸಹಪಾಲನೆಗೆ ನಮ್ಮಲ್ಲೇ ಮಾದರಿಯಿದೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಇರಲಿ, ಖರ್ಚನ್ನು ಇಬ್ಬರೂ ಸಮನಾಗಿ ಹೊರಲಿ ಎಂದು ಆದೇಶಿಸಿತು. ಭಾರತದ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಸಹಪಾಲನೆಯನ್ನು ಕಾನೂನಿಗೇ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಇನ್ನೂ ಕಾಯ್ದೆಯಾಗಿಲ್ಲ. ಹೀಗಾಗಿ ಎರಡು ಮನೆಯ ನಡುವೆ ಓಡಾಡುವ ಮಗುವಿಗೆ ಒಪ್ಪಂದದಲ್ಲಿ ಬರೆಸಿಕೊಂಡ ಮಾತೇ ಆಧಾರ.

ಆಸ್ಪತ್ರೆಯಲ್ಲಿ ನಡೆಯುವುದೇನು?

ವೈದ್ಯರ ನಡತೆಯ ಬಗೆಗಿನ 2002ರ ನಿಯಮಾವಳಿ, ಅಪ್ರಾಪ್ತವಯಸ್ಕರಿಗೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ತಂದೆ, ತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆ ಬೇಕು ಎನ್ನುತ್ತದೆ. ಇಬ್ಬರ ಸಹಿಯೂ ಬೇಕೆಂದು ಅದು ಹೇಳುವುದಿಲ್ಲ. ಕರೆತಂದವರ ಸಹಿಯಲ್ಲೇ ಕೆಲಸ ಸಾಗುತ್ತದೆ. ತಕರಾರು ಇದೆಯೆಂದು ತಿಳಿದರೆ ಮಾತ್ರ, ಅವಸರವಿಲ್ಲದ ಆಪರೇಷನ್ ಆಗಿದ್ದಲ್ಲಿ, ಡಾಕ್ಟರು ಕೈ ತಡೆಯುವುದು ಸಹಜ.

ಜೀವಕ್ಕೆ ಅಪಾಯವಿದ್ದಾಗ ಈ ತಡೆ ಇಲ್ಲ. ತುರ್ತು ಚಿಕಿತ್ಸೆ ಕೊಡುವುದು ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮಿನ ಉದಾಹರಣೆಯೇ ಇದು: ಅಪಘಾತಕ್ಕೆ ಸಿಕ್ಕ ಮಗುವಿಗೆ ಕೂಡಲೇ ಆಪರೇಷನ್ ಬೇಕು, ಪೋಷಕರನ್ನು ಕೇಳಲು ಸಮಯವಿಲ್ಲ, ಸದುದ್ದೇಶದಿಂದ ಮಾಡಿದ ಶಸ್ತ್ರವೈದ್ಯರದು ಅಪರಾಧವಲ್ಲ.

ನಿಜವಾದ ತೊಂದರೆ ಇರುವುದು ದೀರ್ಘಕಾಲದ ಕಾಯಿಲೆಗಳಲ್ಲಿ. ಫಿಟ್ಸ್ ಇರುವ ಮಗುವಿಗೆ ಒಂದು ಮನೆಯಲ್ಲಿ ದಿನವೂ ಮಾತ್ರೆ, ಇನ್ನೊಂದು ಮನೆಯಲ್ಲಿ ‘ಮಾಲತೇಶನಿಗೆ ಹರಕೆ ಹೊತ್ತಿದ್ದೇವೆ, ಮಾತ್ರೆ ಬೇಡ’ ಎಂದಾದರೆ? ಹರಕೆ ಹೊರಲು ಯಾರ ಅಡ್ಡಿಯೂ ಇಲ್ಲ. ಫಿಟ್ಸಿನ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಮಾತ್ರ ಬಿಡದೆ ಸೆಳವು ಬರುವ ಅಪಾಯವಿದೆ. ಟೈಪ್ 1 ಮಧುಮೇಹದ ಮಗುವಿಗೆ ಒಂದೆರಡು ದಿನ ಇನ್ಸುಲಿನ್ ತಪ್ಪಿದರೂ ಪ್ರಾಣಕ್ಕೆ ಕುತ್ತು. ಹುಟ್ಟುಕಿವುಡಿನ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಬೇಕೇ ಎಂದು ಇಬ್ಬರೂ ವರ್ಷಗಟ್ಟಲೆ ಎಳೆದಾಡಿದರೆ ಮಾತು ಕಲಿಯುವ ವಯಸ್ಸೇ ದಾಟಿಹೋಗುತ್ತದೆ.

ಕೋರ್ಟ್ ಹೇಗೆ ತೀರ್ಮಾನಿಸುತ್ತದೆ?

1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 24ನೇ ಕಲಂ ಮಗುವಿನ ಪಾಲನೆ, ಶಿಕ್ಷಣದ ಜತೆಗೆ ಆರೋಗ್ಯವನ್ನೂ ಪೋಷಕರ ಕರ್ತವ್ಯದಲ್ಲಿ ಹೆಸರಿಸಿ ಹೇಳುತ್ತದೆ. ಈ ಕಾಯ್ದೆಯ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಜಿಲ್ಲೆಯಲ್ಲಿ ಸಲ್ಲಬೇಕು. ದೇವರಗುಡ್ಡದ ಮಗುವಿನದಾದರೆ ಹಾವೇರಿ ಜಿಲ್ಲೆಯಲ್ಲಿ, ತಂದೆ ಬೆಂಗಳೂರಿನಲ್ಲಿದ್ದರೂ ಅಷ್ಟೇ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ ವೈದ್ಯಕೀಯ ತಜ್ಞರ ನೆರವು ಪಡೆಯಲು ನ್ಯಾಯಾಧೀಶರಿಗೆ ಅವಕಾಶ ಕೊಡುತ್ತದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೋರ್ಟ್ ಕೇಳಬಹುದು, ಆದರೆ ಅದೇ ಕೊನೆಯ ಮಾತಲ್ಲ. 2013ರಲ್ಲಿ ಇಂಗ್ಲೆಂಡಿನಲ್ಲಿ ವಿಚ್ಛೇದಿತ ತಂದೆಯೊಬ್ಬ 15 ಮತ್ತು 11 ವರ್ಷದ ಹೆಣ್ಣುಮಕ್ಕಳಿಗೆ ದಡಾರದ ಲಸಿಕೆ ಕೊಡಿಸಬೇಕೆಂದು ಹೈಕೋರ್ಟಿಗೆ ಹೋದ. ತಾಯಿ ಬೇಡವೆಂದಳು, ಮಕ್ಕಳೂ ಬೇಡವೆಂದರು. ವೈದ್ಯಕೀಯ ಪುರಾವೆ ನೋಡಿದ ಕೋರ್ಟ್ ಲಸಿಕೆ ಕೊಡಿಸಿ ಎಂದಿತು. ಯಾರು ಗೆದ್ದರು ಎಂಬುದಕ್ಕಿಂತ ಯಾವುದರಿಂದ ಮಗುವಿಗೆ ಒಳಿತು ಎಂಬುದೇ ಅಲ್ಲಿ ತೂಗಿತು.

ಒಪ್ಪಂದದಲ್ಲಿ ಬರೆಸಬೇಕಾದ್ದು

1. ಜ್ವರ, ನೆಗಡಿಯಂಥ ದಿನನಿತ್ಯದ ಚಿಕಿತ್ಸೆ ಆಗ ಮಗು ಯಾರ ಬಳಿ ಇದೆಯೋ ಅವರ ಹೊಣೆ. ಆಪರೇಷನ್, ದೀರ್ಘ ಚಿಕಿತ್ಸೆಗೆ ಇಬ್ಬರ ಒಪ್ಪಿಗೆ.

2. ಒಮ್ಮತ ಬಾರದಿದ್ದರೆ ಇಬ್ಬರೂ ಒಪ್ಪುವ ಮೂರನೆಯ ಮಕ್ಕಳ ತಜ್ಞರ ಅಭಿಪ್ರಾಯ, ಅದೂ ಇಂತಿಷ್ಟು ದಿನದೊಳಗೆ.

3. ತುರ್ತಿನಲ್ಲಿ ಮೊದಲು ಚಿಕಿತ್ಸೆ, ಅದೇ ದಿನ ಇನ್ನೊಬ್ಬರಿಗೆ ಫೋನ್.

4. ಡಾಕ್ಟರು ಬರೆದ ಔಷಧಿ ಎರಡೂ ಮನೆಯಲ್ಲಿ ತಪ್ಪದೆ ನಡೆಯಬೇಕು. ಚೀಟಿ, ರಿಪೋರ್ಟುಗಳ ಫೈಲು ಮಗುವಿನ ಜತೆಗೇ ಹೋಗಬೇಕು. ಲಸಿಕೆ ಸರ್ಕಾರಿ ವೇಳಾಪಟ್ಟಿಯಂತೆ ಹಾಕಿಸಿ, ‘ತಾಯಿ ಕಾರ್ಡ್’ನಲ್ಲಿ ಬರೆಸಬೇಕು.

5. ಆಸ್ಪತ್ರೆಯ ದಾಖಲೆಗಳ ಪ್ರತಿ ಪಡೆಯುವ ಅಧಿಕಾರ ಇಬ್ಬರಿಗೂ ಇರಬೇಕು. ಅಧಿಕಾರವುಳ್ಳವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ನಿಯಮಾವಳಿಯೇ ಹೇಳುತ್ತದೆ.

6. ಖರ್ಚು ಯಾರದು, ಮಗುವಿನ ಹೆಸರು ಯಾರ ಪಡಿತರ ಚೀಟಿಯಲ್ಲಿ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಚೀಟಿ ತಂದೆಯ ಮನೆಯಲ್ಲಿ, ಮಗು ತಾಯಿಯ ಊರಿನಲ್ಲಿ ಆದರೆ ಕೌಂಟರಿನಲ್ಲೇ ಪೇಚಾಟ.

ಈಗಾಗಲೇ ವಿಚ್ಛೇದನ ಆಗಿಹೋಗಿದ್ದರೂ ದಾರಿ ಮುಚ್ಚಿಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಸುಪರ್ದಿಯ ಆದೇಶವನ್ನು ಕೋರ್ಟ್ ಆಮೇಲೂ ಬದಲಿಸಬಹುದು. ಬರೀ ಸೋಡಚೀಟಿ ಇದ್ದವರು 1890ರ ಕಾಯ್ದೆಯಡಿ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಮತ್ತು ಅಪ್ರಾಪ್ತರಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ರಾಜಿಪತ್ರಕ್ಕೆ ಸಹಿ ಹಾಕುವ ಮುನ್ನ ‘ಇದರಲ್ಲಿ ಮಗುವಿನ ಆಸ್ಪತ್ರೆಯ ಮಾತು ಎಲ್ಲಿದೆ?’ ಎಂದು ವಕೀಲರನ್ನು ಕೇಳಿ. ಇಲ್ಲದಿದ್ದರೆ, ಸೇರಿಸಿದ ಮೇಲೆಯೇ ಸಹಿ ಹಾಕಿ.